ಮನೆಯಲ್ಲಿ ಸಾಕಿದ ಹುಂಜವನ್ನು ಆದಷ್ಟು ಹಿಂಸೆಯಾಗದಂತೆ ಕೊಯ್ಯುವುದು ಹೇಗೆ?

ಟೆರೇಸ್ ಮೇಲೆ ಸಾಕಿದ ಎರಡು ಗಿರಿರಾಜ ತಳಿಯ ಹುಂಜ ಕೊಯ್ಯಬೇಕು, ಆದರೆ ಅವು ನರಳುವುದನ್ನು ನೋಡೋಕಾಗಲ್ಲ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಉಲ್ಲಾಳದಲ್ಲಿ ಆರೇಳು ವರ್ಷದಿಂದ ಕೋಳಿ ಸಾಕುತ್ತಿದ್ದೇನೆ. ಮೊದಲ ಸಲ ಅಡುಗೆಮನೆಯ ಮೊಂಡು ಚಾಕು ಹಿಡಿದು ಮೂರು ಸಲ ಎಳೆದಿದ್ದೆ. ಅವತ್ತು ಸಾರು ಗಂಟಲಲ್ಲಿ ಇಳಿಯಲಿಲ್ಲ.

ಚಾಕುವಿಗಿಂತ ಮುಂಚೆ ನಾವು ಮಾಡುವ ರಂಪವೇ ಕೋಳಿಗೆ ದೊಡ್ಡ ಹಿಂಸೆ. ಅಟ್ಟಾಡಿಸಿ ಹಿಡಿದು, ಕಾಲು ಹಿಡಿದು ನೇತಾಡಿಸಿಕೊಂಡು ಬರುತ್ತೇವಲ್ಲ, ಅದು. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣಲ್ಲ, ಸುಮ್ನೆ ಕೂತಿರುತ್ತೆ. ಆಗ ರೆಕ್ಕೆ ಸಮೇತ ಎರಡೂ ಕೈಯಲ್ಲಿ ಎತ್ತಿ, ಗಾಳಿ ಆಡುವ ರಟ್ಟಿನ ಡಬ್ಬಕ್ಕೆ ಬಿಡಿ. ಆಮೇಲೆ ಕಾಳು ಬೇಡ, ನೀರು ಮಾತ್ರ ಇಡಿ. ಹತ್ತು ಹನ್ನೆರಡು ಗಂಟೆಯಲ್ಲಿ ಹೊಟ್ಟೆ ಖಾಲಿಯಾಗಿ, ಕ್ಲೀನ್ ಮಾಡುವಾಗ ಮಾಂಸಕ್ಕೆ ಗಲೀಜು ತಾಗಲ್ಲ.

ನಾನು ತಗಡನ್ನು ಆಲಿಕೆ ಥರ ಸುತ್ತಿ, ಅಂಚು ಮಡಚಿ, ಮರಕ್ಕೆ ಮೊಳೆ ಹೊಡೆದಿದ್ದೇನೆ. ಕೋಳಿಯನ್ನು ತಲೆ ಕೆಳಗಾಗಿ ಇಳಿಬಿಟ್ಟರೆ ಕತ್ತು ಮಾತ್ರ ಹೊರಗೆ ಬರುತ್ತೆ. ರೆಕ್ಕೆ ಬಡಿಯಲು ಜಾಗವಿಲ್ಲ, ಮೂಳೆ ಮುರಿಯುವ ಭಯವೂ ಇಲ್ಲ. ಹಾಗೇ ನೇತುಹಾಕಿ ಚಾಕು ಹುಡುಕೋಕೆ ಹೋಗಬೇಡಿ. ಎಲ್ಲ ಮೊದಲೇ ಕೈಗೆ ಸಿಗುವಂತಿರಲಿ. ಎಡಗೈಯಲ್ಲಿ ತಲೆ ಹಿಡಿದು, ದವಡೆಯ ಕೆಳಗೆ ಪುಕ್ಕ ಸರಿಸಿ, ಎರಡೂ ಬದಿಯ ರಕ್ತನಾಳ ಒಂದೇ ಎಳೆತಕ್ಕೆ ಕತ್ತರಿಸಬೇಕು. ಒಂದೇ ಬದಿ ಕತ್ತರಿಸಿದರೆ ಪ್ರಜ್ಞೆ ಹೋಗೋದು ತಡ. ಕಾಗದ ಕೊಯ್ಯುವಷ್ಟು ಹರಿತವಾಗಿಲ್ಲದ ಚಾಕು ಮುಟ್ಟಲೇಬೇಡಿ.

ಆಮೇಲೆ ಕಾಲು ಒದರುತ್ತೆ, ಮೈ ಅದುರುತ್ತೆ. ನೋಡಿದವರು ಇನ್ನೂ ಜೀವ ಇದೆ ಅಂದುಕೊಳ್ಳುತ್ತಾರೆ. ಪ್ರಜ್ಞೆ ಹೋದ ಮೇಲೂ ನರಗಳು ಹಾಗೆ ಎಳೆಯುತ್ತವೆ. ಅನುಮಾನ ಇದ್ದರೆ ಬೆರಳ ತುದಿಯಿಂದ ಕಣ್ಣು ಮುಟ್ಟಿ. ರೆಪ್ಪೆ ಮಿಟುಕಿದರೆ ಇನ್ನೂ ಎಚ್ಚರ ಇರಬಹುದು, ತಕ್ಷಣ ಮತ್ತೆ ಕೊಯ್ಯಬೇಕು. ಮಿಟುಕದಿದ್ದರೂ ಎರಡು ಮೂರು ನಿಮಿಷ ರಕ್ತ ಇಳಿದು, ಮೈ ಪೂರ್ತಿ ಸ್ತಬ್ಧವಾಗುವವರೆಗೆ ಬಿಸಿನೀರಿಗೆ ಹಾಕಬೇಡಿ.

ಕತ್ತು ತಿರುಚಿದರೆ ಸಾಕು ಅಂತ ಕೆಲವರು ಹೇಳುತ್ತಾರೆ. 3 ಕೆಜಿ ದಾಟಿದ ಹುಂಜಕ್ಕೆ ಬರಿಗೈಯಲ್ಲಿ ಅದು ಆಗುವ ಮಾತಲ್ಲ. ಅರೆಬರೆ ಆದರೆ ಇನ್ನೂ ಹಿಂಸೆ.

ಒಂದು ವಿಷಯ. 2001ರ ಕಸಾಯಿಖಾನೆ ನಿಯಮದ ಪ್ರಕಾರ ಪಾಲಿಕೆ ವ್ಯಾಪ್ತಿಯಲ್ಲಿ ಮಾನ್ಯತೆ ಇರುವ ಜಾಗ ಬಿಟ್ಟು ಬೇರೆ ಕಡೆ ಪ್ರಾಣಿ ಕೊಯ್ಯುವಂತಿಲ್ಲ. ಅದಕ್ಕೇ ನನ್ನ ಆಲಿಕೆ ಇರೋದು ಮಾಗಡಿ ಹತ್ತಿರ ಮಾವನ ತೋಟದಲ್ಲಿ. ನಿಮಗೆ ಅಂಥ ಜಾಗ ಇಲ್ಲದಿದ್ದರೆ ಲೈಸೆನ್ಸ್ ಇರುವ ಕೋಳಿ ಅಂಗಡಿಗೆ ಒಯ್ಯಿರಿ, ಕೂಲಿ ತಗೊಂಡು ಕೊಯ್ದು ಕೊಡುವವರಿದ್ದಾರೆ. ಬೆಳಗ್ಗೆ ಗಿರಾಕಿ ಕಮ್ಮಿ ಇರುವಾಗ ಹೋಗಿ, "ಅಣ್ಣ, ಕೊಯ್ದ ತಕ್ಷಣ ಡ್ರಮ್ಮಿಗೆ ಎಸೀಬೇಡಿ, ಅಲುಗಾಟ ಪೂರ್ತಿ ನಿಲ್ಲೋವರೆಗೂ ಹಿಡ್ಕೊಂಡಿರಿ" ಅಂತ ಪಕ್ಕದಲ್ಲೇ ನಿಂತು ಹೇಳಿ.