ಧ್ವನಿಪೆಟ್ಟಿಗೆಯ ಇಡೀ ಸೆಕ್ಷನ್‌ನಾಗ ಕಾರ್ಟಿಲೇಜ್ ಯಾಕ ಒಡೀತದ?

ನಮಸ್ಕಾರ ಡಾಕ್ಟ್ರ. ಹುಬ್ಬಳ್ಳಿಯ ನಿಮ್ಮ ಲ್ಯಾಬಿನಾಗ ಕ್ಯಾನ್ಸರ್‌ಗಂತ ಪೂರ್ತಿ ತೆಗೆದ ಧ್ವನಿಪೆಟ್ಟಿಗೆಯ ದೊಡ್ಡ ಸೆಕ್ಷನ್ (ಸೂಕ್ಷ್ಮದರ್ಶಕದಾಗ ನೋಡೂ ತೆಳು ಪದರು) ಕೊಯ್ಯುವಾಗ ಥೈರಾಯ್ಡ್ ಕಾರ್ಟಿಲೇಜ್ (ಧ್ವನಿಪೆಟ್ಟಿಗೆಯ ಮುಂದಿನ ಮೃದು ಎಲುಬು) ಕಡಕ್ ರೊಟ್ಟಿ ಹಂಗ ಚೂರಾಗ್ತದ ಅಂದೀರಿ. ಬ್ಲೇಡಿನ ತಪ್ಪಲ್ಲ ನೋಡ್ರಿ. ವಯಸ್ಸಾದವರಾಗ ಅದು ಅಲ್ಲಲ್ಲೆ ಎಲುಬೇ ಆಗಿರ್ತದ, ಸುಣ್ಣದಂಶ ಪೂರ್ತಿ ಹೋಗಿಲ್ಲ.

ಮೊದಲ ಅದನ್ನ ಕೆಡದಂಗ ಇಡೂ 10% ಫಾರ್ಮಲಿನ್‌ನಾಗ ಕನಿಷ್ಠ 48 ತಾಸು, ಸಾಧ್ಯ ಆದರ ಒಂದು ವಾರ ಇಡ್ರಿ. ಸುಣ್ಣದಂಶ ಕರಗಿಸೂ ಆಸಿಡ್‌ಗೆ ಹಾಕೋಕಿಂತ ಮೊದಲ ಗಡ್ಡೆಯ ಎರಡ್ಮೂರು ತುಣುಕು ಬ್ಯಾರೆ ತೆಗೆದಿಡ್ರಿ, ಇದನ್ನ ಮಾತ್ರ ಮರೀಬ್ಯಾಡ್ರಿ; ಆಸಿಡ್ ತಾಗಿದ್ದರಾಗ ಇಮ್ಯುನೊಸ್ಟೇನ್ (ಆಂಟಿಬಾಡಿಯಿಂದ ಪ್ರೋಟೀನ್ ಗುರುತಿಸೂ ಬಣ್ಣದ ಪರೀಕ್ಷೆ) ಪೂರ್ತಿ ನಂಬಾಕ ಆಗೂದಿಲ್ಲ. ಆಮ್ಯಾಲ 4–5 ಮಿಮೀ ಹೋಳು ಮಾಡಿ 10% ಫಾರ್ಮಿಕ್ ಆಸಿಡ್‌ನಾಗ ಹಾಕ್ರಿ. ಸುಣ್ಣದಂಶ ಹೋಗೂದು ಮುಗೀತೋ ಇಲ್ಲೋ ಅಂತ ಸೂಜಿ ಚುಚ್ಚಬ್ಯಾಡ್ರಿ, ತೂತು ಸ್ಲೈಡಿನಾಗ ಕಾಣ್ತದ. ಬಳಸಿದ ಆಸಿಡ್ 5 ಮಿಲಿ ತಗೊಂಡು ಅಮೋನಿಯಾದಿಂದ ತಟಸ್ಥ ಮಾಡಿ, 5 ಮಿಲಿ ಅಮೋನಿಯಂ ಆಕ್ಸಲೇಟ್ ದ್ರಾವಣ ಹಾಕಿ ಅರ್ಧ ತಾಸು ಬಿಡ್ರಿ. ಬೆಳ್ಳಗ ಮಬ್ಬಾದರ ಕ್ಯಾಲ್ಸಿಯಂ ಇನ್ನೂ ಬರಾಕತ್ತದ. ಆಸಿಡ್ ಬದಲಿಸಿ ಮತ್ತ ಇಡ್ರಿ.

ಗಡ್ಡೆ ಆಂಟೀರಿಯರ್ ಕಮಿಷರ್‌ನಾಗ (ಎರಡೂ ಧ್ವನಿತಂತು ಮುಂದ ಕೂಡೂ ಜಾಗ) ಇದ್ದರ ಅಡ್ಡ ಕೊಯ್ಯೂದೇ ಚಲೋ. ಅಲ್ಲಿ ಲಿಗಮೆಂಟ್ ಕಾರ್ಟಿಲೇಜಿಗೆ ಅಂಟೂ ಜಾಗದಾಗ ಪೆರಿಕಾಂಡ್ರಿಯಂ (ಕಾರ್ಟಿಲೇಜಿನ ಹೊದಿಕೆ) ಇರೂದಿಲ್ಲ, ಕ್ಯಾನ್ಸರ್ ಒಳಗ ನುಗ್ಗಿದ್ದು ಸ್ಪಷ್ಟ ಕಾಣ್ತದ. ಧ್ವನಿತಂತುವಿನ ಮ್ಯಾಲ-ಕೆಳಗ ಹರಡಿದ್ದರ ಕೊರೋನಲ್ (ಮುಂದ-ಹಿಂದ ಬ್ಯಾರೆ ಆಗೂ ಹಂಗ ನೆಟ್ಟಗ) ಕೊಯ್ರಿ.