ಈರುಳ್ಳಿ ಹಾಕಿ ಹುರಿದ ಲಿವರ್ ಎಲ್ಲಿ ಚೆನ್ನಾಗಿ ಸಿಗುತ್ತದೆ?

ಪ್ರಶ್ನೆ: ಭಾನುವಾರಗಳಂದು ನಮ್ಮಜ್ಜಿ ಕುರಿಯ ಲಿವರನ್ನು (ಅವರ ಬಾಯಲ್ಲಿ ಅದು ಈಲಿ) ಧಾರಾಳವಾಗಿ ಈರುಳ್ಳಿ, ಕರಿಮೆಣಸು ಹಾಕಿ ಹುರಿದು ಕೊಡುತ್ತಿದ್ದರು. ಬೆಂಗಳೂರಿನಲ್ಲಿ ನಾಲ್ಕಾರು ಹೋಟೆಲುಗಳಲ್ಲಿ ತಿಂದು ನೋಡಿದೆ. ಒಂದೆಡೆ ರಬ್ಬರಿನಂತಿತ್ತು, ಇನ್ನೊಂದೆಡೆ ಮಸಾಲೆಯಲ್ಲಿ ಮುಳುಗಿಹೋಗಿತ್ತು. ಒಳ್ಳೆಯ ಹೋಟೆಲನ್ನು ಪತ್ತೆ ಹಚ್ಚುವುದು ಹೇಗೆ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಹೋಟೆಲಿನ ಹೆಸರಿಗಿಂತ ನೀವು ಅಲ್ಲಿಗೆ ಹೋಗುವ ಹೊತ್ತು ಮುಖ್ಯವೆಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಕುರಿಗೆ ಇರುವುದು ಒಂದೇ ಲಿವರ್; ಹತ್ತು ಹನ್ನೆರಡು ಕಿಲೋ ಮಾಂಸ ಸಿಗುವ ಕುರಿಯಲ್ಲಿ ಅದು ಹೆಚ್ಚೆಂದರೆ ಅರ್ಧ ಕಿಲೋ ತೂಗೀತು. ಹೀಗಾಗಿ ಆಯಾ ದಿನದ ಮಾಂಸವನ್ನಷ್ಟೇ ಬೇಯಿಸುವ ಸಣ್ಣ ಹೋಟೆಲಿನಲ್ಲಿ ಅದು ಮಧ್ಯಾಹ್ನದೊಳಗೆ ಮುಗಿದಿರುವುದು ಸಹಜ. ‘ಲಿವರ್ ಖಾಲಿ ಆಯ್ತು’ ಎಂದು ಮುಖಕ್ಕೆ ಹೇಳುವ ಹೋಟೆಲನ್ನು ನಾನು ನಂಬುತ್ತೇನೆ. ರಾತ್ರಿ ಹತ್ತಕ್ಕೂ ಬೇಕಾದಷ್ಟು ಸಿಗುವ ಕಡೆ ಅದು ಫ್ರೀಜರಿನಿಂದ ಬಂದಿರಬಹುದು.

ಹುಡುಕಾಟವನ್ನು ಮಿಲಿಟರಿ ಹೋಟೆಲುಗಳಿಂದಲೇ ಆರಂಭಿಸಿ. ಕಾಟನ್‌ಪೇಟೆಯ ಎಸ್‌.ಜಿ. ರಾವ್ ಮಿಲಿಟರಿ ಹೋಟೆಲ್ 1908ರಷ್ಟು ಹಳೆಯದು. ಜಯನಗರದ ಕಡೆ ಶಿವಾಜಿ, ರಂಗಣ್ಣ ಎಂಬ ಹೆಸರಿನವು ಇವೆ. ಯಾವ ದಿನ ಏನು ಮಾಡುತ್ತಾರೆಂಬುದು ಬದಲಾಗುವುದರಿಂದ ಹೊರಡುವ ಮುನ್ನ ಫೋನಿನಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಶಿವಾಜಿನಗರದ ಮುಸ್ಲಿಂ ಹೋಟೆಲುಗಳಲ್ಲಿ ಇದನ್ನು ಕಲೇಜಿ ಎಂದು ಕೇಳಬೇಕು; ಅಲ್ಲಿ ಮಸಾಲೆಯ ಕೈ ಸ್ವಲ್ಪ ಮುಂದೆ ಎಂಬುದು ನೆನಪಿರಲಿ.

ಕುಳಿತ ಮೇಲೆ ಸಪ್ಲೈಯರನ್ನು ಒಂದೇ ಮಾತು ಕೇಳಿ: ‘ಮಾಡಿಟ್ಟಿದ್ದಾ, ಈಗ ಹುರಿದು ಕೊಡ್ತೀರಾ?’ ಲಿವರಿನಲ್ಲಿ ಕೊಬ್ಬು ಬಹಳ ಕಡಿಮೆ ಇರುವುದರಿಂದ ಜೋರು ಉರಿಯಲ್ಲಿ ಕೆಲವೇ ನಿಮಿಷಗಳಲ್ಲಿ ಅದು ಬೆಂದುಬಿಡುತ್ತದೆ, ಅದಕ್ಕಿಂತ ಮುಂದೆ ಹೋದಷ್ಟೂ ಗಟ್ಟಿಯಾಗುತ್ತದೆ. ಬೆಳಿಗ್ಗೆ ಮಾಡಿಟ್ಟದ್ದನ್ನು ಮತ್ತೆ ಬಿಸಿಮಾಡಿದರೆ ನೀವು ಹೇಳಿದ ರಬ್ಬರು ತಯಾರು. ಈರುಳ್ಳಿಯ ಸ್ವಭಾವ ಇದಕ್ಕೆ ತದ್ವಿರುದ್ಧ; ಅದು ಸಣ್ಣ ಉರಿಯಲ್ಲಿ ನಿಧಾನವಾಗಿ ಬಾಡಿ ಸಿಹಿಯಾಗಬೇಕು. ಎರಡನ್ನೂ ಒಟ್ಟಿಗೆ ಬಾಣಲೆಗೆ ಸುರಿಯುವವನ ಕೈಯಲ್ಲಿ ಒಂದು ಹಸಿಯಾಗಿ ಉಳಿಯುತ್ತದೆ, ಇಲ್ಲವೇ ಇನ್ನೊಂದು ಕೆಡುತ್ತದೆ. ಇಟಲಿಯ ವೆನಿಸ್ ನಗರದವರು ಇದೇ ಜೋಡಿಯನ್ನು ತಮ್ಮೂರಿನ ಹೆಮ್ಮೆಯ ಅಡುಗೆಯೆಂದು ಭಾವಿಸುತ್ತಾರೆ. ಅವರೂ ಈರುಳ್ಳಿಯನ್ನು ಮೊದಲೇ ಮೆತ್ತಗಾಗಿಸಿಕೊಂಡು, ತೆಳುವಾಗಿ ಹೆಚ್ಚಿದ ಕರುವಿನ ಲಿವರನ್ನು ಕೊನೆಗೆ ಹಾಕಿ, ಬೇಗನೆ ಒಲೆಯಿಂದ ಇಳಿಸುತ್ತಾರೆ. ನಿಮ್ಮ ಅಜ್ಜಿಯೂ ಬಹುಶಃ ಹೀಗೆಯೇ ಮಾಡುತ್ತಿದ್ದಿರಬೇಕು.

ತಟ್ಟೆ ಬಂದಾಗ ಒಂದು ತುಂಡನ್ನು ಮುರಿದು ನೋಡಿ. ಒಳಗಿನ ಕೆಂಪು ಹೋಗಿರಬೇಕು, ಆದರೆ ಪಸೆ ಉಳಿದಿರಬೇಕು. ಪುಡಿಪುಡಿಯಾಗಿ ಉದುರಿದರೆ ಉರಿಯ ಮೇಲೆ ಹೆಚ್ಚು ಹೊತ್ತು ಇದ್ದಿತೆಂದು ಅರ್ಥ. ಮೇಲಿನ ತೆಳು ಪೊರೆಯನ್ನು ಬಿಡಿಸದೆ ಹಾಕಿದ್ದರೆ ಹಲ್ಲಿಗೆ ಜಗ್ಗುತ್ತದೆ. ಕೋಳಿಯ ಲಿವರಾದರೆ ಮಾತ್ರ ಪೂರ್ತಿ ಬೆಂದಿದೆಯೇ ಎಂದು ಇನ್ನಷ್ಟು ಎಚ್ಚರದಿಂದ ನೋಡಿ, ಅರೆಬೆಂದದ್ದು ಹೊಟ್ಟೆ ಕೆಡಿಸೀತು. ಜೊತೆಗೆ ಬರುವವರಲ್ಲಿ ಗರ್ಭಿಣಿಯರಿದ್ದರೆ ಅವರಿಗೆ ಬೇರೇನಾದರೂ ಹೇಳಿ. ಲಿವರಿನಲ್ಲಿ ಎ ಜೀವಸತ್ವ ವಿಪರೀತವಾಗಿರುವುದರಿಂದ ಅದು ಮಗುವಿಗೆ ಒಳ್ಳೆಯದಲ್ಲ.

ಹೊಸ ಹೋಟೆಲಿನಲ್ಲಿ ಮೊದಲ ಸಲ ಒಂದೇ ಪ್ಲೇಟ್ ತರಿಸಿ, ಮಸಾಲೆ ಕಡಿಮೆ, ಈರುಳ್ಳಿ ಮತ್ತು ಮೆಣಸು ಜಾಸ್ತಿ ಎಂದು ಹೇಳಿ ನೋಡಿ. ಸಾಲುಗಟ್ಟಿ ಜನ ನಿಂತಿರುವ ಭಾನುವಾರ ಈ ಕೋರಿಕೆ ಅಡುಗೆಮನೆಯವರೆಗೆ ತಲುಪುವುದು ಕಷ್ಟ. ವಾರದ ನಡುವೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ.