ಗಿಟಾರ್‌ಗೆ ಜಾಗ ಬಿಟ್ಟುಕೊಡದ ಪಿಯಾನೊ: ಟೋರಿ ಏಮಸ್ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ರಾಕ್ ಎಂದರೆ ಗಿಟಾರ್ ಎಂದೇ ನಂಬಿದವನು ನಾನು. ಪಿಯಾನೊ ನುಡಿಸುತ್ತ ಹಾಡುವ ಅಮೆರಿಕದ ಟೋರಿ ಏಮಸ್ ಅವರನ್ನು ಆಲ್ಟರ್ನೇಟಿವ್ ರಾಕ್ (ಮುಖ್ಯಧಾರೆಗಿಂತ ಬೇರೆ ಹಾದಿ ಹಿಡಿದ ರಾಕ್) ಕಲಾವಿದರ ಸಾಲಿನಲ್ಲಿ ನಿಲ್ಲಿಸುವುದು ಏಕೆ?

ಉತ್ತರ: ನಿಮ್ಮ ಅನುಮಾನ ಅವರ ರೆಕಾರ್ಡ್ ಕಂಪನಿಯಾದ ಅಟ್ಲಾಂಟಿಕ್‌ನವರಿಗೂ ಇತ್ತು. 'ಲಿಟಲ್ ಅರ್ಥ್‌ಕ್ವೇಕ್ಸ್' ಆಲ್ಬಂನ ಮೊದಲ ಪ್ರತಿಯನ್ನು ಕೇಳಿದ ಅವರು ಪಿಯಾನೊ ತೆಗೆದು ಅಲ್ಲಿ ಗಿಟಾರ್ ತುಂಬುವ ಆಲೋಚನೆಯಲ್ಲಿದ್ದರು. ಏಮಸ್ ಅದಕ್ಕೆ ಒಪ್ಪಲಿಲ್ಲ. ಕೊನೆಗೆ ಕಂಪನಿ ಅವರನ್ನು ಲಂಡನ್ನಿಗೆ ಕಳುಹಿಸಿತು, ಮತ್ತು 1992ರ ಜನವರಿಯಲ್ಲಿ ಆ ಆಲ್ಬಂ ಮೊದಲು ಬ್ರಿಟನ್ನಿನಲ್ಲಿ ಹೊರಬಂದು ಅಲ್ಲಿಯೇ ಮೊದಲ ಕೇಳುಗರನ್ನು ಗಳಿಸಿತು. ಗಿಟಾರ್‌ನ ಅಬ್ಬರವೇ ಯುವಜನರ ಕಿವಿ ತುಂಬಿದ್ದ ವರ್ಷಗಳವು ಎಂಬುದನ್ನು ನೆನೆದರೆ ಆ ಹಟದ ಬೆಲೆ ತಿಳಿಯುತ್ತದೆ.

ನನ್ನ ಮಟ್ಟಿಗೆ, ರಾಕ್ ಎನ್ನುವುದು ವಾದ್ಯದಿಂದ ತೀರ್ಮಾನವಾಗುವ ವಿಷಯವಲ್ಲ. ಏಮಸ್ ಅವರ ಎಡಗೈ ಮಂದ್ರ ಸ್ವರಗಳನ್ನು ತಾಳವಾದ್ಯದಂತೆ ಬಡಿಯುತ್ತದೆ. ಧರ್ಮ, ಪಾಪಪ್ರಜ್ಞೆ, ಹೆಣ್ಣಿನ ದೇಹ ಮತ್ತು ಬಯಕೆಗಳ ಬಗ್ಗೆ ಮೆಥಡಿಸ್ಟ್ ಪಾದ್ರಿಯೊಬ್ಬರ ಈ ಮಗಳು ಬರೆದ ಸಾಲುಗಳಲ್ಲಿ ಇರುವ ಪ್ರತಿಭಟನೆ ಯಾವ ಗಿಟಾರ್ ವಾದಕನಿಗೂ ಕಡಿಮೆಯದಲ್ಲ. ಅದೇ ಆಲ್ಬಂನ 'ಮಿ ಆ್ಯಂಡ್ ಎ ಗನ್' ಹಾಡಿನಲ್ಲಂತೂ ಗಿಟಾರ್ ಹಾಗಿರಲಿ, ಪಿಯಾನೊ ಕೂಡ ಇಲ್ಲ. ತಮ್ಮ ಮೇಲೆ ನಡೆದ ಅತ್ಯಾಚಾರವನ್ನು ಆಧರಿಸಿ ಬರೆದ ಆ ಹಾಡನ್ನು ಅವರು ಬರಿಯ ಕಂಠದಲ್ಲಿ ಹಾಡಿದ್ದಾರೆ. 1994ರಲ್ಲಿ ಅಮೆರಿಕದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ನೆರವಿಗಾಗಿ 'ರೇನ್' ಎಂಬ ಸಂಸ್ಥೆ ಆರಂಭವಾದಾಗ ಅದರ ಮೊದಲ ರಾಷ್ಟ್ರೀಯ ವಕ್ತಾರರಾಗಿ ನಿಂತವರೂ ಅವರೇ.

ಪ್ರಶ್ನೆ: ಅವರನ್ನು ಸಂಗೀತಶಾಲೆಯಿಂದ ಹೊರಗೆ ಹಾಕಿದ್ದರು, ಮೊದಲ ಆಲ್ಬಂ ಸೋತಿತ್ತು ಎಂಬುದು ನಿಜವೇ?

ಉತ್ತರ: ಎರಡೂ ಬಹುಮಟ್ಟಿಗೆ ನಿಜ. 1963ರಲ್ಲಿ ನಾರ್ತ್ ಕ್ಯಾರೊಲೈನಾದ ನ್ಯೂಟನ್‌ನಲ್ಲಿ ಹುಟ್ಟಿ ಮೇರಿಲ್ಯಾಂಡ್‌ನಲ್ಲಿ ಬೆಳೆದ ಅವರು ಐದನೆಯ ವಯಸ್ಸಿಗೇ ಬಾಲ್ಟಿಮೋರ್‌ನ ಪೀಬಡಿ ಸಂಗೀತಶಾಲೆಯ ಮಕ್ಕಳ ವಿಭಾಗಕ್ಕೆ ಸೇರಿದರು. ಕಿವಿಯಲ್ಲಿ ಕೇಳಿದ್ದನ್ನು ಹಾಗೆಯೇ ನುಡಿಸುವ ಹುಡುಗಿಗೆ ಸ್ವರಲಿಪಿಯ ಶಿಸ್ತು ಹಿಡಿಸಲಿಲ್ಲ, ರಾಕ್ ಸಂಗೀತದ ಸೆಳೆತವೂ ಬಿಡಲಿಲ್ಲ. ಹನ್ನೊಂದನೆಯ ವಯಸ್ಸಿಗೆ ವಿದ್ಯಾರ್ಥಿವೇತನ ನಿಂತು ಶಾಲೆ ಮುಗಿಯಿತು. ಆಮೇಲೆ ಹದಿಹರೆಯದಲ್ಲೇ, ತಂದೆಯ ಕಾವಲಿನಲ್ಲಿ, ವಾಷಿಂಗ್ಟನ್‌ನ ಬಾರುಗಳಲ್ಲಿ ಪಿಯಾನೊ ನುಡಿಸತೊಡಗಿದರು. ಪಾದ್ರಿಯೊಬ್ಬರು ಮಗಳನ್ನು ಬಾರಿಗೆ ಕರೆದೊಯ್ದು ಕಾಯುತ್ತ ಕೂರುವುದನ್ನು ಊಹಿಸಿಕೊಳ್ಳಿ. ಕೇಳುಗರ ಮುಖ ನೋಡಿಯೇ ಮುಂದಿನ ಹಾಡನ್ನು ಆರಿಸುವ ಕಲೆ ಅವರಿಗೆ ದಕ್ಕಿದ್ದು ಶಾಲೆಗಿಂತ ಹೆಚ್ಚಾಗಿ ಅಲ್ಲಿಯೇ ಇರಬೇಕು.

1988ರಲ್ಲಿ 'ವೈ ಕಾಂಟ್ ಟೋರಿ ರೀಡ್' ಎಂಬ ತಂಡದ ಹೆಸರಿನಲ್ಲಿ ಬಂದ ಮೊದಲ ಆಲ್ಬಂ ನೆಲಕಚ್ಚಿತು. ಆ ಕಾಲದ ಮಾರುಕಟ್ಟೆಗೆ ತಕ್ಕಂತೆ ಸಿಂಗರಿಸಿದ್ದ ಆ ಸಂಗೀತದಲ್ಲಿ ಅವರ ಪಿಯಾನೊವನ್ನು ಹುಡುಕಬೇಕಾಗುತ್ತದೆ. ಪಿಯಾನೊ ಬಿಡೆನೆಂಬ ನಂತರದ ಹಟಕ್ಕೆ ಈ ಸೋಲೇ ಕಾರಣವೆಂದು ನಾನು ತಿಳಿಯುತ್ತೇನೆ.

ಪ್ರಶ್ನೆ: ಹೊಸಬರು ಯಾವ ಆಲ್ಬಂನಿಂದ ಕೇಳತೊಡಗಬೇಕು?

ಉತ್ತರ: 'ಲಿಟಲ್ ಅರ್ಥ್‌ಕ್ವೇಕ್ಸ್'ನಿಂದ. ಅದರ ನಂತರ, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ 1994ರ 'ಅಂಡರ್ ದ ಪಿಂಕ್' ಕೇಳಿ. ಅವರೇ ನಿರ್ಮಾಪಕಿಯಾಗಿ ರೂಪಿಸಿದ 1996ರ 'ಬಾಯ್ಸ್ ಫಾರ್ ಪೆಲೆ'ಗೆ ಮಾತ್ರ ಸ್ವಲ್ಪ ತಾಳ್ಮೆ ಬೇಕು, ಏಕೆಂದರೆ ಅದರಲ್ಲಿ ಪಿಯಾನೊ ಜೊತೆಗೆ ಹಾರ್ಪ್ಸಿಕಾರ್ಡ್ ಕೂಡ ಬರುತ್ತದೆ. ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿಯುವುದರಿಂದ ಬೆರಳಿನ ಒತ್ತಡಕ್ಕೆ ತಕ್ಕಂತೆ ನಾದ ಏರಿಳಿಯುತ್ತದೆ. ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುವ ವಾದ್ಯವಾದುದರಿಂದ ಎಷ್ಟು ಒತ್ತಿದರೂ ನಾದದ ಮಟ್ಟ ಹೆಚ್ಚುಕಡಿಮೆ ಒಂದೇ. ಆ ಒರಟು, ಚೂಪು ದನಿಯ ಮೇಲೆ ಅವರ ಕೋಪ ಕೇಳಲು ಬೇರೆಯೇ ಆಗಿದೆ. ಶಾಸ್ತ್ರೀಯ ಸಂಗೀತದ ರುಚಿಯಿರುವವರು ಡಾಯ್ಚ ಗ್ರಾಮಫೋನ್ ಸಂಸ್ಥೆ 2011ರಲ್ಲಿ ಹೊರತಂದ 'ನೈಟ್ ಆಫ್ ಹಂಟರ್ಸ್'ನಿಂದಲೂ ಆರಂಭಿಸಬಹುದು. ಅಲ್ಲಿನ ಹಾಡುಗಳು ಪಾಶ್ಚಾತ್ಯ ಶಾಸ್ತ್ರೀಯ ರಚನೆಗಳ ಎಳೆ ಹಿಡಿದು ಹುಟ್ಟಿದವು.